ಮುರಿದ ದವಡೆಯ ಗುರುತು

"ಅಲ್ಲೇ ನಿಂತ್ಕೋ ಲೂಸಿಲ್. ಒಂದು ಹೆಜ್ಜೆನೂ ಮುಂದೆ ಬರಬೇಡ."

ವೆಂಡೆಲ್ ಲೆಕ್ಲೂ ತನ್ನ ಲೇತ್ ಶೆಡ್ಡಿನ ಬಾಗಿಲಿಗೆ ಅಡ್ಡಲಾಗಿ ನಿಂತಿದ್ದ. ಕೈಯಲ್ಲಿ ಮೊಳದುದ್ದದ ಉಕ್ಕಿನ ಸರಳು. ಗಡ್ಡ ಬೋಳಿಸಿ ಮೂರು ದಿನವಾದರೂ ಆಗಿರಬೇಕು. ಒಂದನೇ ತರಗತಿಯಲ್ಲಿ ನನ್ನ ಪಕ್ಕ ಕೂತವನು, ನನ್ನ ಮದುವೆಯಲ್ಲಿ ಕುಡಿದು ಉದ್ದುದ್ದ ಭಾಷಣ ಮಾಡಿದವನು. ಅರವತ್ತು ವರ್ಷಗಳಲ್ಲಿ ಒಮ್ಮೆಯೂ ನನ್ನನ್ನು ಬಾಗಿಲಲ್ಲಿ ತಡೆದವನಲ್ಲ.

ನಾನು ಇನ್ನೊಂದು ಹೆಜ್ಜೆ ಮುಂದಿಟ್ಟೆ.

"ಸರಳು ಕೆಳಗಿಡೋ. ನಂಗೆ ಹೊಡೀತೀಯಾ?"

"ನಿಂಗಲ್ಲ."

"ಮತ್ತೆ ಯಾರಿಗೆ?"

ಅವನು ನನ್ನ ಭುಜದ ಮೇಲಿಂದ ಅಂಗಳದ ಕಡೆ ನೋಡಿದ. ಅಲ್ಲಿ, ನನ್ನನ್ನು ದೊಡ್ಡಮ್ಮ ಎನ್ನುವ ಗಾರ್ನೆಟ್‌ಳ ಕೆಂಪು ಪಿಕಪ್ಪು ನಿಂತಿತ್ತು. ಒಳಗೆ ಬೆಚ್ಚಗಿರಲಿ ಎಂದು ಎಂಜಿನ್ ಆರಿಸಿರಲಿಲ್ಲ. ಗಾರ್ನೆಟ್ ಕಾಫಿ ಫ್ಲಾಸ್ಕಿನ ಮುಚ್ಚಳ ಎತ್ತಿ ನಮಗೆ ನಮಸ್ಕಾರ ಮಾಡಿದಳು. ವೆಂಡೆಲ್ ಕೈ ಎತ್ತಲಿಲ್ಲ.

"ಗಾರ್ನೆಟ್ ಕಣೋ. ನನ್ನ ಕೈ ನಡುಗುತ್ತೆ ಅಂತ ಅವಳೇ ಗಾಡಿ ಓಡಿಸ್ಕೊಂಡು ಬಂದ್ಳು. ಒಳಗೆ ಬಿಡು, ಚಳಿ."

"ಚಳಿಗೆ ಬಂದೋಳಲ್ಲ ನೀನು."

ಅದು ನಿಜ. ಕೋಟಿನ ಜೇಬಿನಿಂದ ಕರವಸ್ತ್ರ ಸುತ್ತಿದ ಬಾಣವನ್ನು ತೆಗೆದು ಅವನ ಮೂಗಿನ ಮುಂದೆ ಬಿಚ್ಚಿ ಹಿಡಿದೆ. ಗೇಣುದ್ದದ ಅಲ್ಯೂಮಿನಿಯಂ ಬಾಣ, ಬಾಲದಲ್ಲಿ ನಾಲ್ಕು ರೆಕ್ಕೆ. ಮಂಗಳವಾರ ಬೆಳಗ್ಗೆ ಹತ್ತೂವರೆಗೆ ಇದು ನನ್ನ ಅಡುಗೆಮನೆಯ ಕಿಟಕಿ ಒಡೆದುಕೊಂಡು ಬಂದು, ನಾನು ದಿನಾ ಸೇಬು ಹೆಚ್ಚುವ ಕುರ್ಚಿಯ ಬೆನ್ನಿಗೆ ನಾಟಿಕೊಂಡಿತ್ತು. ಒಲೆಯ ಮೇಲಿನ ಹಾಲು ಉಕ್ಕಿತೆಂದು ನಾನು ಎದ್ದಿದ್ದೆ. ಹೊರಗೆ ಒಣಗಿ ನಿಂತ ಜೋಳದ ಹೊಲದಿಂದ ಯಾರೋ ಕೆಮ್ಮಿದ ಹಾಗೆ ಒಂದೇ ಒಂದು ಸದ್ದು ಬಂದಿತ್ತು. ಗಾಳಿಯ ಒತ್ತಡದಿಂದ ಕೊಳವೆಯೊಳಗಿನ ಬಾಣ ಹಾರಿಸುವ ಗಾಳಿಫಿರಂಗಿಯ ಸದ್ದೇ ಅಷ್ಟು.

ಹಾಲು ಉಕ್ಕದಿದ್ದರೆ ನಾನು ಈಗ ಹಾರ್ಲನ್ ಡೆಲ್ವೊನ ಪಕ್ಕದ ಗುಂಡಿಯಲ್ಲಿರುತ್ತಿದ್ದೆ.

ಹಾರ್ಲನ್ ಸತ್ತು ಮೂರು ವಾರವಾಗಿತ್ತು. ಗುರಿಯ ಹುಲ್ಲುಕಂತೆಗಳ ಹತ್ತಿರ ನಿಂತಿದ್ದಾಗ ಬೆನ್ನಿಗೆ ಬಾಣ ಬಡಿದು ಸತ್ತ. ಶನಿವಾರ ಬಾಣದಾಟ ಆಡುವ ನಮ್ಮ ಗುಂಪಿನ ಯಾರದೋ ಕೈತಪ್ಪು ಎಂದು ಪೊಲೀಸ್ ಡೆಪ್ಯುಟಿ ಸಿರಿಲ್ ಬರೆದುಕೊಂಡ. ಅಲ್ಲ ಎಂದವಳು ನಾನೊಬ್ಬಳೇ.

ಹೇಳುವ ಅಧಿಕಾರ ನನಗಿತ್ತು. ಎಂಜಿನ್ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಕೂದಲೆಳೆಯ ವ್ಯತ್ಯಾಸ ಹಿಡಿಯುವುದೇ ನನ್ನ ಕೆಲಸವಾಗಿತ್ತು. ನಮ್ಮ ಗುಂಪಿನಲ್ಲಿ ಯಾರು ಬಾಣ ಕಡೆದರೂ ಅದು ಮೊದಲು ನನ್ನ ಕೈಗೆ ಬರಬೇಕು. ನಾನು ತೂಗಿ, ರೆಕ್ಕೆ ನೋಡಿ, ಬಾಲದ ಗುಳಿಯಲ್ಲಿ ಒಂದು ನೀಲಿ ಚುಕ್ಕೆ ಇಡುತ್ತೇನೆ. ನೀಲಿ ಚುಕ್ಕೆಯಿಲ್ಲದ ಬಾಣವನ್ನು ನಮ್ಮೂರು ಸೇಂಟ್ ಒಡಿಲ್‌ನಲ್ಲಿ ಯಾರೂ ಕೊಳವೆಗೆ ಹಾಕುವುದಿಲ್ಲ. ಹಾರ್ಲನ್‌ನ ಬೆನ್ನಿನಿಂದ ತೆಗೆದ ಬಾಣದಲ್ಲಿ ಚುಕ್ಕೆ ಇರಲಿಲ್ಲ. ನನ್ನ ಕುರ್ಚಿಗೆ ನಾಟಿದ್ದರಲ್ಲೂ ಇಲ್ಲ.

ನಾಳೆ ಭಾನುವಾರ, ಸುಗ್ಗಿಯ ಕೆರ್ಮಿಸ್ ಹಬ್ಬ. ಚರ್ಚಿನ ಹಿಂದೆ ದೊಡ್ಡ ಹಂಡೆಗಳಲ್ಲಿ ಕೋಳಿಮಾಂಸ, ತರಕಾರಿಯ ಬೂಯಾ ಸಾರು ಕುದಿಯುತ್ತದೆ, ಊಟವಾದ ಮೇಲೆ ವರ್ಷದ ಕೊನೆಯ ಬಾಣದಾಟ. ಹಾರ್ಲನ್‌ನ ನೆನಪಿಗೆ ಆಡಲೇಬೇಕೆಂದು ಎಲ್ಲರೂ ಹಟ ಹಿಡಿದಿದ್ದರು. ಐದಾರು ಫಿರಂಗಿ, ನೂರಾರು ಜನ, ಬಯಲಲ್ಲಿ ನಾನು. ಅಲ್ಲಿ ಒಂದು ಬಾಣ ದಾರಿ ತಪ್ಪಿದರೆ ಅದನ್ನು ಯಾರೂ ಕೊಲೆ ಎನ್ನುವುದಿಲ್ಲ. ಗುರುತು ಓದಬಲ್ಲವಳೂ ಉಳಿದಿರುವುದಿಲ್ಲ. ಯಾರೆಂದು ತಿಳಿದುಕೊಳ್ಳಲು ನನಗಿದ್ದದ್ದು ಈ ಶನಿವಾರದ ಮಧ್ಯಾಹ್ನ ಮಾತ್ರ.

"ಇಲ್ಲಿ ನೋಡು," ಎಂದೆ. ಬಾಣದ ಕುತ್ತಿಗೆಯ ಹತ್ತಿರ, ಕಡೆಯುವಾಗ ಲೇತಿನ ಚಕ್ಕು ತನ್ನ ಮೂರು ದವಡೆಗಳಿಂದ ಕಚ್ಚಿ ಹಿಡಿದು ತಿರುಗಿಸುವ ಜಾಗದಲ್ಲಿ, ಉಗುರಿಟ್ಟು ತೋರಿಸಿದೆ. "ಚಕ್ಕಿನ ದವಡೆ ಕಚ್ಚಿದ ಗುರುತು. ಮೂರು. ಎರಡು ನೆಟ್ಟಗಿದೆ. ಮೂರನೇದರ ಮೂಲೇಲಿ ಚೂರು ಇಲ್ಲ."

ವೆಂಡೆಲ್ ನೋಡಲಿಲ್ಲ. ನೋಡುವ ಅಗತ್ಯವೇ ಅವನಿಗಿರಲಿಲ್ಲ.

"ಐದು ವರ್ಷದ ಹಿಂದೆ ಉಳಿ ಹೋಗಿ ದವಡೆಗೆ ಬಡೀತು ಅಂತ ನನ್ನನ್ನ ಕರೆದು ತೋರಿಸಿದ್ದೆ. ಮುರಿದ ಹಲ್ಲು ತೋರಿಸೋ ಮಗು ಥರ. ಈ ಜಿಲ್ಲೇಲಿ ಇಂಥ ಚಕ್ಕು ಇನ್ನೊಂದಿಲ್ಲ, ವೆಂಡೆಲ್."

ಸರಳು ಅವನ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಆ ಸದ್ದಿಗೆ ನಾನು ಬೆಚ್ಚಿಬಿದ್ದೆ.

"ಒಳಗೆ ಬಾ," ಎಂದ. "ಬಾಗಿಲು ಹಾಕ್ಕೋ."

ಬಾಗಿಲು ಹಾಕಿದೆ. ಹಾಕಬಾರದಿತ್ತೇನೋ ಎಂದು ಆಮೇಲೆ ಅನಿಸಿತು. ಫೋನು ಪಿಕಪ್ಪಿನಲ್ಲಿ ನನ್ನ ಕೈಚೀಲದೊಳಗೇ ಉಳಿದಿತ್ತು.

ಶೆಡ್ಡು ಇಕ್ಕಟ್ಟು. ಒಂದು ಕಡೆ ಗೋಡೆಯುದ್ದಕ್ಕೂ ಲೋಹ ಕಡೆಯುವ, ಅವನ ಅಪ್ಪನ ಕಾಲದ ಹಸಿರು ಲೇತ್, ಇನ್ನೊಂದು ಕಡೆ ಹತಾರದ ಬೆಂಚು, ನಡುವೆ ಒಬ್ಬರು ನಡೆಯುವಷ್ಟು ಜಾಗ. ಲೋಹ ಕಡೆಯುವಾಗ ಸುರಿಯುವ ಎಣ್ಣೆಯ ವಾಸನೆ. ಬೇರೆ ದಿನವಾಗಿದ್ದರೆ ಆ ವಾಸನೆಗೆ ನನ್ನ ಮನಸ್ಸು ಹಗುರಾಗುತ್ತಿತ್ತು.

"ನೀನಾ?" ಎಂದು ಕೇಳಿದೆ. ಸುತ್ತಿ ಬಳಸಿ ಕೇಳುವ ಶಕ್ತಿ ಇರಲಿಲ್ಲ.

ಅವನು ಬೆಂಚಿಗೆ ಒರಗಿಕೊಂಡ. ತನ್ನ ಕೈಗಳನ್ನೇ ತಿರುಗಿಸಿ ನೋಡಿದ.

"ಗೊತ್ತಿಲ್ಲ ಕಣೆ."

"ಗೊತ್ತಿಲ್ಲ ಅಂದ್ರೆ?"

"ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ! ನಾನೇ ಮಾಡಿದ್ನೇನೋ. ಮಾಡಿ ಮರೆತ್ನೇನೋ."

ಅವನ ಧ್ವನಿ ಒಡೆಯಿತು. ನಾನು ಈ ಮನುಷ್ಯ ಅತ್ತದ್ದನ್ನು ಕಂಡಿರಲಿಲ್ಲ. ಹೆಂಡತಿಯನ್ನು ಮಣ್ಣು ಮಾಡಿದ ದಿನವೂ ನಿಂತುಕೊಂಡೇ ಎಲ್ಲರಿಗೂ ಕಾಫಿ ಬಸಿದುಕೊಟ್ಟವನು.

"ಅಲ್ಫಾನ್ಸ್‌ಗೂ ಹಿಂಗೇ ಶುರುವಾಯ್ತು," ಎಂದ. ಅಲ್ಫಾನ್ಸ್ ಅವನ ಅಣ್ಣ. ಗ್ರೀನ್ ಬೇ ಪಟ್ಟಣದ ಆರೈಕೆ ಮನೆಯಲ್ಲಿದ್ದಾನೆ, ತಮ್ಮನ ಗುರುತೂ ಹತ್ತುವುದಿಲ್ಲ. ಆದರೂ ವೆಂಡೆಲ್ ಮಂಗಳವಾರ ಮತ್ತು ಶುಕ್ರವಾರ ಬೆಳಗ್ಗೆ ತಪ್ಪದೆ ಹೋಗಿ ಅವನಿಗೆ ಗಡ್ಡ ಹೆರೆದು ಬರುತ್ತಾನೆ. ಊರಿಗೆಲ್ಲ ಗೊತ್ತಿರುವ ಸಂಗತಿ.

"ಮೊದಲು ಗ್ಯಾಸ್ ಆರಿಸೋದು ಮರೆತ. ಆಮೇಲೆ ಮಾಡಿದ್ದೇ ಮರೆತ. ಒಂದಿನ ಪಕ್ಕದ ಮನೆ ಬೇಲಿ ಪೂರ್ತಿ ಕಿತ್ತು ಹಾಕಿ, ಯಾರು ಕಿತ್ತಿದ್ದು ಅಂತ ನನ್ನನ್ನೇ ಕೇಳ್ದ. ಲೂಸಿಲ್, ನಾನೂ ಮರೀತಿದೀನಿ."

"ಏನು ಮರೆತೆ? ನನ್ನ ಹೆಸರು ನೆನಪಿದೆ. ಅಲ್ಫಾನ್ಸ್‌ನ ಬೇಲಿ ನೆನಪಿದೆ."

ಅವನು ಲೇತಿನ ಕಡೆ ಬೆರಳು ತೋರಿಸಿದ.

ನಾನು ತಿರುಗಿ ನೋಡಿದೆ.

ಚಕ್ಕಿನಲ್ಲಿ ಕೀ ಇತ್ತು. ದವಡೆಗಳನ್ನು ಬಿಗಿ ಮಾಡಿ ಸಡಿಲಿಸುವ, ಸೇರುತೂಕದ, ಇಂಗ್ಲಿಷಿನ ಟಿ ಅಕ್ಷರದ ಆಕಾರದ ಕಬ್ಬಿಣದ ಕೀ, ಚಕ್ಕಿನ ನೆತ್ತಿಯಲ್ಲಿ ನೆಟ್ಟಗೆ ನಿಂತಿತ್ತು.

ಲೇತ್ ಮುಟ್ಟಿದವರಿಗೆ ಇದಕ್ಕಿಂತ ದೊಡ್ಡ ಪಾಪವಿಲ್ಲ. ಕೀ ಅಲ್ಲೇ ಇರುವಾಗ ಯಾರಾದರೂ ಯಂತ್ರ ಶುರು ಮಾಡಿದರೆ ಅದು ಕಿತ್ತುಕೊಂಡು ಎದುರಿಗೆ ನಿಂತವರ ಮುಖಕ್ಕೆ ಬಡಿಯುತ್ತದೆ. ಆದ್ದರಿಂದ ನಮ್ಮ ಕಾಲದವರಿಗೆ ಮೊದಲ ದಿನ ಹೊಡೆದು ಕಲಿಸಿದ ಪಾಠವೇ ಅದು. ಕೀ ಚಕ್ಕಿನಲ್ಲಿರುವಷ್ಟು ಹೊತ್ತೂ ಕೈ ಕೀ ಮೇಲಿರಬೇಕು. ಕೈ ತೆಗೆದರೆ ಕೀ ಕೂಡ ಕೈಯ ಜೊತೆಗೇ ಬರಬೇಕು. ವೆಂಡೆಲ್‌ಗೆ ಅದು ಉಸಿರಾಟದಂತೆ. ಫೋನು ಹೊಡೆದರೆ ಕೀ ಹಿಡಿದುಕೊಂಡೇ ಓಡುತ್ತಾನೆ, ಒಮ್ಮೆ ಅದನ್ನು ಜೇಬಲ್ಲಿಟ್ಟುಕೊಂಡೇ ಪೂಜೆಗೆ ಬಂದು ಮಂಡಿಯೂರುವಾಗ ಠಣ್ ಎಂದು ಬೀಳಿಸಿ ಪಾದ್ರಿಯ ಕೈಲಿ ಬೈಸಿಕೊಂಡಿದ್ದ.

"ಯಾವಾಗಿನಿಂದ ಇದೆ ಇದು?"

"ನೆನ್ನೆ ಅಲ್ಫಾನ್ಸ್ ಹತ್ರ ಹೋಗಿ ಮಧ್ಯಾಹ್ನ ವಾಪಸ್ ಬಂದು ನೋಡ್ದೆ. ಮುಟ್ಟೋಕೆ ಧೈರ್ಯ ಬರಲಿಲ್ಲ. ಹಂಗೇ ಬಿಟ್ಟಿದೀನಿ."

"ಇದೇ ಮೊದಲಾ?"

"ಮೂರನೇ ಸಲ." ಅವನು ಕಣ್ಣು ಮುಚ್ಚಿಕೊಂಡ. "ಹಾರ್ಲನ್ ಸತ್ನಲ್ಲ, ಅದರ ಹಿಂದಿನ ದಿನ ಒಂದು ಸಲ. ಹೋದ ಶುಕ್ರವಾರ ಒಂದು ಸಲ. ಐವತ್ತು ವರ್ಷದಲ್ಲಿ ಒಂದು ಸಲನೂ ಬಿಟ್ಟೋನಲ್ಲ ನಾನು. ಹಾರ್ಲನ್‌ನ ಬಾಣ ನನ್ನ ಚಕ್ಕಿಂದೇ ಅಂತ ನೋಡಿದ ಕೂಡ್ಲೇ ಗೊತ್ತಾಯ್ತು. ಸಿರಿಲ್‌ಗೆ ಹೇಳಲಿಲ್ಲ. ಏನಂತ ಹೇಳಲಿ? ನಾನು ಕೊಂದಿರಬಹುದು, ನೆನಪಿಲ್ಲ ಅಂತಲಾ? ದಿನಾ ಬಾಗಿಲಿಗೆ ಅಡ್ಡ ನಿಂತಿರ್ತೀನಿ ಕಣೆ. ಯಾರನ್ನೂ ಒಳಗೆ ಬಿಡಬಾರದು ಅಂತ. ನನ್ನನ್ನೂ."

ಪಾಪ, ಮುದುಕ. ಅಲ್ಲಿಯವರೆಗೂ ಅವನಿಗೆ ಹೆದರಿಕೊಂಡು ನಿಂತಿದ್ದೆ. ಈಗ ಹತ್ತಿರ ಹೋಗಿ ಅವನ ತೋಳು ಹಿಡಿದೆ.

ಆದರೆ ಮೂವತ್ತೊಂದು ವರ್ಷದ ಕಸುಬು ಸುಮ್ಮನಿರುವುದಿಲ್ಲ. ಕೈ ತಾನಾಗಿ ಬಾಣವನ್ನು ಮತ್ತೆ ಬೆಳಕಿಗೆ ಹಿಡಿಯಿತು.

"ವೆಂಡೆಲ್, ಬಿಯರ್ ಡಬ್ಬಿ ತಗಡು ಎಲ್ಲಿಟ್ಟಿದೀಯ?"

"ಯಾಕೆ? ಅಲ್ಲೇ, ಮೊಳೆಗೆ ನೇತಾಕಿದೀನಿ."

ಕತ್ತರಿಸಿದ ತಗಡಿನ ಪಟ್ಟಿಗಳು ಗೊಂಚಲಾಗಿ ನೇತಾಡುತ್ತಿದ್ದವು. ಅಲ್ಯೂಮಿನಿಯಂ ಮೆತ್ತಗಿನ ಲೋಹ, ಉಕ್ಕಿನ ದವಡೆ ನೇರ ಕಚ್ಚಿದರೆ ಹಲ್ಲುಗುರುತು ಬೀಳುತ್ತದೆ. ಅದಕ್ಕೇ ನಮ್ಮವರೆಲ್ಲ ದವಡೆಗೂ ಕಡೆಯುವ ತುಂಡಿಗೂ ನಡುವೆ ಬಿಯರ್ ಡಬ್ಬಿಯ ತಗಡು ಇಡುತ್ತಾರೆ. ವೆಂಡೆಲ್ ಅಂತೂ ಒರಟು ಕೆಲಸಕ್ಕೂ ಬಿಡುವವನಲ್ಲ.

"ತಗಡಿಲ್ಲದೆ ನೀನು ಯಾವತ್ತಾದ್ರೂ ಬಾಣ ಕಚ್ಚಿಸಿದ್ದೀಯಾ?"

"ಹುಚ್ಚಾ ನಿಂಗೆ?"

"ಹಂಗಾದ್ರೆ ಇದರ ಮೇಲೆ ಗುರುತು ಹೆಂಗೆ ಬಿತ್ತು?"

ಅವನು ಮೊದಲ ಸಲ ಬಾಣವನ್ನು ಕೈಗೆ ತೆಗೆದುಕೊಂಡು ಕನ್ನಡಕದ ಹತ್ತಿರ ಹಿಡಿದ.

"ನೇರ ಕಚ್ಚಿಸಿದಾರೆ," ಎಂದ ಮೆಲ್ಲಗೆ. "ತಗಡೇ ಇಟ್ಟಿಲ್ಲ."

"ಅಣ್ಣನ ಥರ ಮರೆವು ಬಂದೋರು ಹೊಸದನ್ನ ಮರೀತಾರೆ ಕಣೋ. ಬೆಳಗ್ಗೆ ತಿಂದಿದ್ದು ಮರೀತಾರೆ. ಐವತ್ತು ವರ್ಷ ಕೈಗೆ ಅಂಟಿದ್ದು ಕೈಯಲ್ಲೇ ಇರುತ್ತೆ. ಅಲ್ಫಾನ್ಸ್‌ಗೆ ನೀನ್ಯಾರು ಅಂತ ಗೊತ್ತಿಲ್ಲ, ಆದ್ರೆ ಟೈ ಕಟ್ಕೊಳ್ಳೋದು ಮರೆತಿದಾನಾ?"

"ಇಲ್ಲ," ಎಂದ ವೆಂಡೆಲ್. "ದಿನಾ ಕಟ್ತಾನೆ. ಚೆನ್ನಾಗೇ ಕಟ್ತಾನೆ." ಅವನ ಮುಖದ ಮೇಲೆ ಏನೋ ಸಡಿಲವಾಯಿತು. "ನಾನಲ್ಲ?"

"ನೀನಲ್ಲ. ನೀನು ಗ್ರೀನ್ ಬೇಗೆ ಹೋದಾಗ ಇಲ್ಲಿಗೆ ಯಾರೋ ಬರ್ತಿದಾರೆ. ಈ ಶೆಡ್ಡಿಗೆ ಯಾವತ್ತು ಬೀಗ ಹಾಕಿದೀಯ?"

ಅವನು ಕೈಯಿಂದ ಮುಖ ಮುಚ್ಚಿಕೊಂಡು ಉಸಿರು ಬಿಟ್ಟ. ಸಂತೋಷಪಡುವ ಹೊತ್ತು ಅದಲ್ಲ, ಆದರೂ ಆ ಮನುಷ್ಯ ಒಂದು ಕ್ಷಣ ಸಂತೋಷಪಟ್ಟ. ನಾನು ತಡೆಯಲಿಲ್ಲ.

ನನಗೆ ಮಾತ್ರ ಲೆಕ್ಕ ಕೂಡುತ್ತಿತ್ತು. ಮೊದಲ ಶುಕ್ರವಾರ ಕೀ, ಮರುದಿನ ಹಾರ್ಲನ್. ಎರಡನೇ ಶುಕ್ರವಾರ ಕೀ, ಮಂಗಳವಾರ ನನ್ನ ಕುರ್ಚಿ. ನಿನ್ನೆ ಮೂರನೇ ಕೀ. ಅಂದರೆ ಮೂರನೇ ಬಾಣ ಸಿದ್ಧವಾಗಿದೆ. ಅದು ಇವತ್ತು ಎಲ್ಲೋ ಒಂದು ಕಡೆ ನನಗಾಗಿ ಕಾಯುತ್ತಿದೆ.

ಚಕ್ಕಿನಲ್ಲಿ ಕತ್ತರಿಸಿ ಉಳಿದ ಅಲ್ಯೂಮಿನಿಯಂ ತುಂಡು ಇನ್ನೂ ಕಚ್ಚಿಕೊಂಡಿತ್ತು. ಬಗ್ಗಿ ನೋಡಿದೆ. ಅಲ್ಲೂ ತಗಡಿರಲಿಲ್ಲ.

"ಯಾರು?" ಎಂದ ವೆಂಡೆಲ್. "ಕಸುಬು ಗೊತ್ತಿಲ್ಲದೋರು ಈ ರೆಕ್ಕೆ ಹಿಂಗೆ ಕೂರಿಸೋಕಾಗಲ್ಲ. ಕಸುಬು ಗೊತ್ತಿರೋರು ಕೀ ಬಿಡಲ್ಲ."

ಅದೇ. ಅದೇ ಮುಳ್ಳು ನನ್ನನ್ನೂ ಚುಚ್ಚುತ್ತಿತ್ತು. ರೆಕ್ಕೆಗಳು ನಾನು ನೋಡಿದ ಅತ್ಯುತ್ತಮ ಕೆಲಸ. ನನ್ನನ್ನು ಕೊಲ್ಲಲು ಮಾಡಿದ್ದು ಎಂಬುದನ್ನು ಬಿಟ್ಟರೆ ನೀಲಿ ಚುಕ್ಕೆಗೆ ಪೂರ್ತಿ ಅರ್ಹ. ಇಷ್ಟು ಬಲ್ಲವರು ಎರಡು ಸಣ್ಣ ಸಂಗತಿ ಮರೆತಿದ್ದರು, ತಗಡು ಮತ್ತು ಕೀ. ಒಮ್ಮೆ ಮರೆತರೆ ಮರೆವು. ಪ್ರತಿ ಸಲವೂ ಮರೆತರೆ ಅದು ಮರೆವಲ್ಲ. ಆ ಎರಡನ್ನೂ ಅವರು ಯಾವತ್ತೂ ಕಲಿಯಬೇಕಾಗಿಯೇ ಬಂದಿರಲಿಲ್ಲ.

ತಗಡು ಬೇಡದ ಚಕ್ಕು ಯಾವುದು? ಮೆತ್ತನೆಯ ದವಡೆ ಇರುವುದು. ಕೈಯಿಂದ ತೆಗೆಯಬೇಕಿಲ್ಲದ ಕೀ ಯಾವುದು?

ಸ್ಪ್ರಿಂಗ್ ಇರುವುದು. ಹೊಸ ಯಂತ್ರಗಳಿಗೆ ಹಾಗೆ ಬಂದಿದೆ. ಕೈ ಬಿಟ್ಟ ತಕ್ಷಣ ಕೀ ತಾನೇ ಜಿಗಿದು ಹೊರಗೆ ಬೀಳುತ್ತದೆ.

ಇದನ್ನು ನನಗೆ ಹೇಳಿದ್ದು ಯಾರು?

ನನ್ನ ಅಡುಗೆಮನೆಯ ಮೇಜು ಕಣ್ಣೆದುರು ಬಂತು. ಹೋದ ವಸಂತದಲ್ಲಿ ಅದೇ ಮೇಜಿಗೆ ತಲೆಯೂರಿ ಅತ್ತವಳು ಗಾರ್ನೆಟ್ ರೆನಿಯೇ. ನಾನು ಚರ್ಚಿಗೆ ಹೊತ್ತು ಜ್ಞಾನಸ್ನಾನ ಮಾಡಿಸಿದ ಮಗು, ಈಗ ನಲವತ್ತು ದಾಟಿದ ಹೆಂಗಸು, ತಾಂತ್ರಿಕ ಶಾಲೆಯಲ್ಲಿ ಲೇತ್ ಕಲಿಸುವ ಮೇಡಂ. "ನಮ್ಮಲ್ಲಿ ಎಲ್ಲ ಹೊಸ ಮಿಷನ್ನು ದೊಡ್ಡಮ್ಮ, ಕೀ ತಾನೇ ಹಾರುತ್ತೆ, ದವಡೆ ಮೆತ್ತಗಿರುತ್ತೆ. ಒಂದೇ ಒಂದು ಹಳೇದು ಮೂಲೇಲಿತ್ತು. ಆ ಹುಡುಗಿ ಅದರಲ್ಲಿ ಕೀ ಬಿಟ್ಟು ಶುರು ಮಾಡಿಬಿಟ್ಳು." ಗಾರ್ನೆಟ್‌ಳ ಆ ವಿದ್ಯಾರ್ಥಿನಿಯ ಒಂದು ಕಣ್ಣು ಹೋಯಿತು. ತಪ್ಪು ಆ ಹುಡುಗಿಯದೇ ಎಂದು ಶಾಲೆಯವರು ಬರೆದು ಮುಗಿಸಿದರು.

ಹುಡುಗಿಯ ತಾಯಿ ಒಪ್ಪಿರಲಿಲ್ಲ. ಅನುಭವಸ್ಥ ಎಂದು ಹಾರ್ಲನ್‌ನನ್ನು ಹುಡುಕಿಕೊಂಡು ಬಂದು, ಆ ಹಳೇ ಲೇತ್ ನೋಡಿ ಹೇಳಿಕೆ ಕೊಡಿ ಎಂದಿದ್ದಳು. ಹಾರ್ಲನ್ ನೋಡಿ ಬಂದಿದ್ದ. ಹೇಳಿಕೆ ಕೊಡಬೇಕಿದ್ದ ಸೋಮವಾರಕ್ಕೆ ಎರಡು ದಿನ ಮುಂಚೆ ಸತ್ತ.

ನಾನು ಬೆಂಚು ಹಿಡಿದುಕೊಂಡೆ.

ಮಂಗಳವಾರ ಸಂಜೆ ಒಡೆದ ಕಿಟಕಿಗೆ ಹಲಗೆ ತಂದು ಬಡಿದವಳು ಗಾರ್ನೆಟ್. "ನಿಮ್ಮನ್ನ ಒಬ್ಬರನ್ನೇ ಬಿಡಲ್ಲ ದೊಡ್ಡಮ್ಮ" ಎಂದು ಹಾಸಿಗೆ ತಂದು ನನ್ನ ಕೋಣೆಯ ಬಾಗಿಲಲ್ಲೇ ಮಲಗಿದವಳು. ಬಾಣದ ಗುರುತಿನ ಬಗ್ಗೆ ಯಾರಿಗೆ ಹೇಳಿದ್ದೀರಿ, ಸಿರಿಲ್ ಏನಂದ ಎಂದು ದಿನಕ್ಕೆರಡು ಸಲ ಕೇಳಿದವಳು. ನಿನ್ನೆ ಶುಕ್ರವಾರ ಬೆಳಗ್ಗೆ ಹಬ್ಬಕ್ಕೆ ಒಣದ್ರಾಕ್ಷಿ ಕಡುಬು ತರುತ್ತೇನೆಂದು ಹೋದವಳು ಎರಡು ಗಂಟೆ ಬಿಟ್ಟು ಬಂದಿದ್ದಳು, ಬೇಕರಿ ಇರುವುದು ಕಾಲು ಗಂಟೆಯ ದಾರಿ. ನಾಲ್ಕು ದಿನದಿಂದ ಅವಳು ಮಾಡಿಕೊಟ್ಟ ಸೂಪನ್ನೇ ನಾನು ಕುಡಿಯುತ್ತಿದ್ದೆ.

"ಲೂಸಿಲ್? ಯಾಕೆ ಮುಖ ಹಿಂಗಾಯ್ತು?"

"ವೆಂಡೆಲ್," ಎಂದೆ. "ನಿನ್ನ ಫೋನು?"

"ಮನೇಲಿ. ಯಾಕೆ?"

ಹೊರಗೆ ಪಿಕಪ್ಪಿನ ಎಂಜಿನ್ ನಿಂತಿತು. ಬಾಗಿಲು ಧಡಾರೆಂದು ಮುಚ್ಚಿದ ಸದ್ದು. ಜಲ್ಲಿಕಲ್ಲಿನ ಮೇಲೆ ಹೆಜ್ಜೆಗಳು.

ಆ ಅರೆಗಳಿಗೆಯಲ್ಲಿ ನಾನು ಒಂದು ಕೆಲಸ ಮಾಡಿದೆ. ಧೈರ್ಯದಿಂದಲ್ಲ, ಬೇರೇನೂ ತೋಚದೆ. ಚಕ್ಕಿನಿಂದ ಕೀ ಕಿತ್ತು ಹತಾರದ ತಟ್ಟೆಯಲ್ಲಿಟ್ಟೆ. ಅವಳು ಕೀಯಿಂದ ಕೈ ತೆಗೆಯುವ ರೀತಿ ನೋಡಿಬಿಡೋಣ, ನನ್ನ ಅನುಮಾನವೇ ಸುಳ್ಳಾಗಲಿ ಎಂದು ಒಳಗೊಳಗೇ ಬೇಡಿಕೊಂಡೆ. ನಾನು ಎತ್ತಿ ಆಡಿಸಿದ ಮಗು ಅದು.

"ನಾನೇನೇ ಹೇಳಿದ್ರೂ ಹೂಂ ಅನ್ನು," ಎಂದೆ ವೆಂಡೆಲ್‌ಗೆ.

ಬಾಗಿಲು ತೆರೆಯಿತು.

"ಏನು ದೊಡ್ಡಮ್ಮ, ಹಳೇ ಪ್ರೇಮ ಮತ್ತೆ ಚಿಗುರಿತಾ?" ಗಾರ್ನೆಟ್ ನಗುತ್ತಾ ಒಳಗೆ ಬಂದಳು. ಕೆನ್ನೆ ಗಾಡಿಯ ಬಿಸಿಗೆ ಕೆಂಪಾಗಿತ್ತು. "ಅರ್ಧ ಗಂಟೆಯಾಯ್ತು. ನನ್ನ ಕಾಫಿ ಖಾಲಿ. ವೆಂಡೆಲ್ ಮಾಮ, ಗಡ್ಡ ಏನಿದು? ಹಬ್ಬಕ್ಕೆ ಸಾಂತಾಕ್ಲಾಸ್ ವೇಷ ಹಾಕ್ತೀರಾ?"

ಯಾವಾಗಿನ ಹಾಗೇ ಮಾತು. ಯಾವಾಗಿನ ಹಾಗೇ ಕಣ್ಣು. ನನಗೆ ಒಂದು ಕ್ಷಣ ಎಲ್ಲವೂ ನನ್ನ ಭ್ರಮೆ ಎನಿಸಿತು.

"ಹೊರಟ್ವಿ ಕಣಮ್ಮ," ಎಂದೆ. "ಇವನದೊಂದು ತುಂಡು ಚಕ್ಕಲ್ಲಿ ಸಿಕ್ಕಾಕೊಂಡಿದೆ. ಇಬ್ಬರು ಮುದುಕರ ಕೈಲೂ ಬರ್ತಿಲ್ಲ. ನಿನ್ನ ಕೈಯಲ್ಲಿ ಬಲ ಇದೆ, ಸ್ವಲ್ಪ ಸಡಿಲ ಮಾಡು."

"ಹೂಂ," ಎಂದ ವೆಂಡೆಲ್.

"ಇಷ್ಟೇನಾ?" ಎಂದಳು. ಗವಸು ತೆಗೆದು ಜೇಬಿಗೆ ತುರುಕಿದಳು. ಇಕ್ಕಟ್ಟಿನಲ್ಲಿ ನನ್ನನ್ನು ದಾಟಿ ಹೋಗಿ ಲೇತಿನ ತಲೆಯ ಕಡೆ, ಚಾಲೂ ಮಾಡುವ ಹಿಡಿಯ ಪಕ್ಕ ನಿಂತಳು. ಅವಳಿಗೆ ಜಾಗ ಬಿಡಲು ನಾನು ಒಂದು ಹೆಜ್ಜೆ ಸರಿದೆ. ಎಲ್ಲಿಗೆ ಸರಿದೆ ಎಂದು ಆಗ ಗಮನಿಸಲಿಲ್ಲ.

ಅವಳು ತಟ್ಟೆಯಿಂದ ಕೀ ಎತ್ತಿ ಚಕ್ಕಿಗೆ ಹಾಕಿದಳು. ಒಂದೇ ತಿರುವು. ತುಂಡು ಕಳಚಿ ತಟ್ಟೆಗೆ ಬಿತ್ತು. ಒಳ್ಳೆಯ ಕೆಲಸಗಾರರ ಹಾಗೆ ಖಾಲಿ ದವಡೆಗಳನ್ನು ಮತ್ತೆ ಒಟ್ಟಿಗೆ ತಂದು ಬಿಗಿ ಮಾಡಿದಳು. ನಾನು ಅವಳ ಕೈಯನ್ನೇ ನೋಡುತ್ತಿದ್ದೆ. ವೆಂಡೆಲ್ ಕೂಡ.

ಅವಳು ಕೈ ತೆಗೆದಳು. ಸೊಂಟಕ್ಕೆ ಒರೆಸಿಕೊಂಡಳು.

ಕೀ ಚಕ್ಕಿನಲ್ಲೇ ಇತ್ತು.

ವೆಂಡೆಲ್‌ನ ಗಂಟಲಿನಿಂದ ಒಂದು ಸಣ್ಣ ಸದ್ದು ಹೊರಟಿತು. ತಡೆಯಲು ಅವನಿಗೆ ಆಗಲಿಲ್ಲ, ಅವನನ್ನು ಬೈಯಲಾರೆ. ಗಾರ್ನೆಟ್ ಅವನ ಮುಖ ನೋಡಿದಳು. ನನ್ನ ಮುಖ ನೋಡಿದಳು. ನಮ್ಮ ಕಣ್ಣು ಎಲ್ಲಿ ನೆಟ್ಟಿದೆಯೋ ಅಲ್ಲಿಗೆ ನಿಧಾನವಾಗಿ ತಿರುಗಿದಳು.

ನಗು ತುಟಿಯ ಮೇಲೆ ಹಾಗೇ ಉಳಿಯಿತು. ಕಣ್ಣಿನಿಂದ ಮಾತ್ರ ಹೊರಟುಹೋಯಿತು.

"ಹಾರ್ಲನ್ ಮಾಮನೂ ಹಿಂಗೇ ನೋಡಿದ್ರು," ಎಂದಳು. "ಶಾಲೆಗೆ ಬಂದು, ಆ ಹಳೇ ಮಿಷನ್ ಹತ್ರ ನಿಲ್ಲಿಸಿ, ಸ್ವಲ್ಪ ಸಡಿಲ ಮಾಡಮ್ಮ ಅಂದ್ರು. ನಿಮ್ಮ ಥರಾನೇ, ಪ್ರೀತಿಯಿಂದ."

"ಗಾರ್ನೆಟ್," ಎಂದೆ. "ಆ ಹುಡುಗಿ ಕೀ ಬಿಟ್ಟಿರಲಿಲ್ಲ."

"ಇಲ್ಲ. ನಾನೇ ಬಿಟ್ಟಿದ್ದೆ."

"ಮಗಳೇ, ಇದನ್ನ ಇಲ್ಲಿಗೇ ನಿಲ್ಲಿಸು. ಸಿರಿಲ್‌ಗೆ ನಾನೇ ಹೇಳ್ತೀನಿ. ನಿನ್ನ ಜೊತೆ ನಾನಿರ್ತೀನಿ."

ಅದು ಸುಳ್ಳಲ್ಲ. ಆ ಹೊತ್ತಿನಲ್ಲೂ ಅವಳಿಗಾಗಿ ನನ್ನ ಕರುಳು ಚುರುಕ್ಕೆಂದಿತು. ಅವಳ ಕಣ್ಣಲ್ಲಿ ನೀರು ತುಂಬಿತು, ನಿಜವಾದ ನೀರು. ಅವಳು ಕೈ ಚಾಚಿದಳು. ಕೀ ತೆಗೆಯುತ್ತಾಳೆ ಎಂದುಕೊಂಡೆ.

ಕೈ ಕೀ ಕಡೆ ಹೋಗಲಿಲ್ಲ. ಲೇತಿನ ಹಿಡಿಯ ಮೇಲೆ ಕೂತಿತು.

ಆಗ ನನಗೆ ನಾನು ನಿಂತ ಜಾಗ ಕಂಡಿತು. ಚಕ್ಕಿನ ನೇರ ಎದುರಿಗೆ, ಬೆನ್ನಿಗೆ ಬೆಂಚು, ಒಂದು ಕಡೆ ಗೋಡೆ, ಇನ್ನೊಂದು ಕಡೆ ವೆಂಡೆಲ್. ಹೊಸಬರು ಯಾರು ಬಂದರೂ ಅಲ್ಲಿ ನಿಲ್ಲಬೇಡಿ ಎಂದು ಬೈಯುತ್ತಾ ಬಂದವಳು ನಾನೇ.

"ಅಲ್ಲೇ ನಿಂತ್ಕೊಳ್ಳಿ ದೊಡ್ಡಮ್ಮ," ಎಂದಳು ಗಾರ್ನೆಟ್. "ವೆಂಡೆಲ್ ಮಾಮಂಗೆ ಅಣ್ಣನ ಥರ ಮರೆವು, ಕೀ ಬಿಟ್ಟಿದ್ದು ಅವರೇ ಅಂತ ಊರಿಗೆಲ್ಲ ಗೊತ್ತಾಗುತ್ತೆ, ಅಷ್ಟೇ."

ಅವಳು ಹಿಡಿಯನ್ನು ಕೆಳಗೆ ಒತ್ತಿದಳು.